ಬೇರೆಯವರ ಹೆಸರಲ್ಲಿ ತೆರೆದ ಪುಟ

ನಾನು ವೆಬ್‌ಸೈಟ್ ಕಟ್ಟುವವಳು. ಕುಂಜತ್ತೂರಿನ ಮನೆಯಲ್ಲೇ ಕೂತು ಕೆಲಸ ಮಾಡುತ್ತೇನೆ. ಹೊಟ್ಟೆಪಾಡಿನ ಕೆಲಸಗಳ ನಡುವೆ ಪ್ರೀತಿಯಿಂದ ಕಟ್ಟಿದ್ದು ಒಂದೇ ಸೈಟ್. ನಾನು ಬೆಳೆದ ಶಿರಿಯದಲ್ಲಿ ಹೆಂಗಸರು ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹಾಡುತ್ತಿದ್ದ ತುಳು ಪದಗಳನ್ನು ಅವರ ಸ್ವರದಲ್ಲೇ ರೆಕಾರ್ಡ್ ಮಾಡಿ ಅದರಲ್ಲಿ ಕೂಡಿಟ್ಟಿದ್ದೇನೆ.

"ಊರಿಗೆಲ್ಲ ಕೇಳುದು ಬೇಡ, ನಮ್ಮ ಮಕ್ಕಳಿಗೆ ಸಾಕು" ಎಂದು ಹಾಡಿದವರು ಹೇಳಿದ್ದರಿಂದ ಲಾಗಿನ್ ಇಟ್ಟೆ. ಬಂದವರು ಯಾರೆಂದು ಸರ್ವರ್ ಮೊದಲು ಗುರುತಿಸುತ್ತದೆ. ಆಮೇಲೆ ಅವರ ಹೆಸರು ಬರೆದು, ಅವರು ಕೊನೆಗೆ ಕೇಳಿದ ಪದವನ್ನು ಮೇಲಿಟ್ಟು, ಇಡೀ ಪುಟವನ್ನು ತಾನೇ ಸಿದ್ಧಮಾಡಿ ಕಳಿಸುತ್ತದೆ. ಹಳೆಯ ಫೋನಿನಲ್ಲೂ ಬೇಗ ತೆರೆಯಲಿ ಎಂದು ಹಾಗೆ ಮಾಡಿದ್ದೆ.

ಅಲ್ಲಿ ಎಲ್ಲರಿಗಿಂತ ಇಂಪಾಗಿ ಹಾಡಿದವರು ನನ್ನ ಗೆಳತಿಯ ಅಮ್ಮ. ಗೆಳತಿ ಮಸ್ಕತ್‌ನಲ್ಲಿ ನರ್ಸ್. ಅಮ್ಮ ತೀರಿಕೊಂಡಾಗ ಅವಳಿಗೆ ಹೊತ್ತಿಗೆ ಸರಿಯಾಗಿ ರಜೆ ಸಿಗಲಿಲ್ಲ. ಅವಳು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಸ್ಕತ್‌ಗೆ ಹಿಂತಿರುಗಿದ ಮೇಲೆ ನನ್ನ ಫೋನ್ ತೆಗೆಯುವುದನ್ನೇ ಬಿಟ್ಟಳು. ಮೆಸೇಜಿಗೂ ಉತ್ತರವಿಲ್ಲ. ಕಾದು ಕಾದು ನಾನೂ ಸುಮ್ಮನಾದೆ. ಆದರೂ ಸಂತೆಯಲ್ಲಿ ಅವಳಂತೆ ನಗುವವರು ಯಾರಾದರೂ ಸಿಕ್ಕಿದರೆ ತಿರುಗಿ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ನನ್ನ ಅಮ್ಮ ಜಗಲಿಯಿಂದ ಕೂಗಿದರು. "ಇಲ್ಲಿ ಬಾ, ಇದು ಎಂತ? ನನ್ನನ್ನು ಅವಳ ಹೆಸರು ಹೇಳಿ ಕರೀತದೆ!"

ಅಮ್ಮನ ಫೋನಿನಲ್ಲಿ ತೆರೆದಿದ್ದ ಪದಗಳ ಪುಟದಲ್ಲಿ ಗೆಳತಿಯ ಹೆಸರಿತ್ತು. ಅದರ ಕೆಳಗೆ ಅವಳ ಅಮ್ಮನ ಪದ.

ಒಬ್ಬರ ಪುಟ ಇನ್ನೊಬ್ಬರ ಕೈಗೆ ಹೋಗುವುದಕ್ಕಿಂತ ದೊಡ್ಡ ಅನಾಹುತ ನಮ್ಮ ಕೆಲಸದಲ್ಲಿಲ್ಲ. ಆದರೆ ಅದೇ ಗಳಿಗೆಯಲ್ಲಿ ಎದೆಯೊಳಗೆ ಇನ್ನೊಂದು ಮಾತು ಎದ್ದಿತು: ಹಾಗಾದರೆ ಅವಳು ಬರುತ್ತಿದ್ದಾಳೆ. ಯಾರೊಡನೆಯೂ ಮಾತಾಡದೆ, ಅಷ್ಟು ದೂರದಿಂದ, ತನ್ನ ಅಮ್ಮನ ಸ್ವರ ಕೇಳಿಕೊಂಡು ಹೋಗುತ್ತಿದ್ದಾಳೆ.

ಕಾರಣ ಬೇಗ ಸಿಕ್ಕಿತು. ವೇಗ ಹೆಚ್ಚಲಿ ಎಂದು, ಒಮ್ಮೆ ಸಿದ್ಧವಾದ ಪುಟವನ್ನು ಸ್ವಲ್ಪ ಹೊತ್ತು ಇಟ್ಟುಕೊಂಡು ಮುಂದೆ ಬಂದವರಿಗೂ ಅದನ್ನೇ ಕೊಡುವ ವ್ಯವಸ್ಥೆಯನ್ನು ಆ ವಾರವಷ್ಟೇ ಸೇರಿಸಿದ್ದೆ. ಎಲ್ಲರಿಗೂ ಒಂದೇ ಆಗಿರುವ ಪುಟಕ್ಕೆ ಅದು ಸರಿ. ಆದರೆ ಅದು ಲಾಗಿನ್ ಆದವರ ಪುಟವನ್ನೂ ಇಟ್ಟುಕೊಂಡಿತ್ತು. ಸೈಟ್ ನಿಲ್ಲಿಸಿದೆ. ಬಂದವರನ್ನು ಗುರುತಿಸಿ ಕೊಟ್ಟ ಪುಟವನ್ನು ಎಲ್ಲಿಯೂ ಉಳಿಸಬಾರದೆಂದು ಬರೆದು ಸರಿಪಡಿಸಿದೆ. ಎಲ್ಲರ ಲಾಗಿನ್ ರದ್ದುಮಾಡಿ, ಒಬ್ಬೊಬ್ಬರಿಗೂ ವಿಷಯ ತಿಳಿಸಿದೆ. ಅವಳಿಗೂ ಬರೆದೆ: "ನಿನ್ನ ಪುಟ ನನ್ನ ಅಮ್ಮನಿಗೆ ಕಾಣಿಸಿತು. ಈಗ ಸರಿಯಾಗಿದೆ. ಕ್ಷಮಿಸು."

ಸಂಜೆ ಅವಳ ಫೋನ್ ಬಂತು.

"ನಿನ್ನ ಅಮ್ಮ ಎಂತ ಹೇಳಿದ್ರು?"

"ಎಂತ ಇಲ್ಲ. ಪದ ಕೇಳಿ ಕಣ್ಣು ಒರೆಸಿಕೊಂಡ್ರು. ನೀನು ಯಾಕೆ ಫೋನ್ ತೆಗೀಲಿಲ್ಲ?"

"ನಿನ್ನ ಸ್ವರ ಕೇಳಿದ್ರೆ ಊರು ಬೇಕು ಅಂತ ಆಗ್ತದೆ ಮಾರಾಯ್ತಿ. ಮತ್ತೆ ಡ್ಯೂಟಿಗೆ ಹೋಗ್ಲಿಕ್ಕೆ ಆಗುದಿಲ್ಲ." ಆಮೇಲೆ ಅವಳೇ ಮುಂದುವರಿಸಿದಳು. "ಒಂದು ಕೇಳ್ತೇನೆ. ಪದ ಶುರು ಮಾಡುವ ಮೊದಲು ಅಮ್ಮ ನಿನ್ನತ್ರ ಎಂತಾದ್ರೂ ಮಾತಾಡಿದ್ದು ಉಂಟಾ?"

ಉಂಟು. ಅವರು ಕೆಮ್ಮಿದ್ದರು, ನಕ್ಕಿದ್ದರು. "ಅವಳಿಗೂ ಕೇಳ್ತದಾ ಇದು? ಅವಳು ಊಟ ಸರಿ ಮಾಡ್ತಾಳಂತಾ?" ಎಂದು ನನ್ನನ್ನು ಕೇಳಿದ್ದರು. ಪದ ಮಾತ್ರ ಇರಲೆಂದು ಸೈಟಿನಲ್ಲಿ ಅದನ್ನು ಕತ್ತರಿಸಿದ್ದೆ. ಮೂಲ ರೆಕಾರ್ಡಿಂಗ್ ನನ್ನಲ್ಲೇ ಇತ್ತು.

ಅದನ್ನು ಅವಳ ಪುಟಕ್ಕೆ ಮಾತ್ರ ಸೇರಿಸಿದೆ. ಬೇರೆ ಯಾರು ಕೇಳಿದರೂ ಸರ್ವರ್ ಕೊಡುವುದಿಲ್ಲ. ಬೇರೆ ಬೇರೆ ಹೆಸರಿನಿಂದ ಹತ್ತಾರು ಸಲ ಪರೀಕ್ಷಿಸಿ ನೋಡಿದೆ.

ಮರುದಿನ ಅವಳಿಂದ ಒಂದೇ ಶಬ್ದದ ಮೆಸೇಜ್ ಬಂತು: "ಕೇಳಿದೆ."

ಈಗ ವಾರದ ರಜೆ ಸಿಕ್ಕಿದಾಗ ಫೋನ್ ಮಾಡುತ್ತಾಳೆ. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಮರಳು ಕಟ್ಟಿದೆಯಾ, ಬಲೆಗೆ ಬೂತಾಯಿ ಮೀನು ಬಂತಾ ಎಂದು ವಿಚಾರಿಸುತ್ತಾಳೆ. "ಒಮ್ಮೆ ಬಾ" ಎನ್ನುತ್ತೇನೆ.

"ಬರ್ಬೇಕು" ಎನ್ನುತ್ತಾಳೆ. ಬರ್ತೇನೆ ಎಂದು ಇನ್ನೂ ಹೇಳಿಲ್ಲ.