ಮಡಚಿದ ತಟ್ಟೆ ಬಿಡಿಸುವ ಮೆಹಬೂಬ್ ಬೀ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪಾಂಡವಪುರದಿಂದ ಕ್ಯಾತನಹಳ್ಳಿಗೆ ಹೋಗುವ ರಸ್ತೆಬದಿಯ ಶೆಡ್ಡಿನ ಮುಂದೆ ಗೂಡ್ಸ್ ಆಟೋ ಯಾವುದೋ ಮದುವೆಯೂಟದ ಚೀಲಗಳನ್ನು ಇಳಿಸಿ ಹೋಗಿದೆ. ಮೂಗಿಗೆ ಸೆರಗು ಬಿಗಿದ ಮೆಹಬೂಬ್ ಬೀ ಮೊದಲ ಚೀಲದ ಬಾಯಿ ಬಿಚ್ಚುತ್ತಾರೆ. ಒಳಗೆಲ್ಲ ಎರಡಾಗಿ ಮಡಚಿದ ತಟ್ಟೆಗಳು. ಒಂದೊಂದನ್ನೇ ಬಿಡಿಸಿ, ಅನ್ನ, ಮೂಳೆ ಕೆರೆದು ಬಕೆಟ್ಟಿಗೆ ಹಾಕಿ, ತಟ್ಟೆಯನ್ನು ಅಂಗಳದಲ್ಲಿ ಹರಡುತ್ತಾರೆ. ಬಿಸಿಲು ಇನ್ನೂ ಬಂದಿಲ್ಲ, ಇವರಿಗೆ ಆಗಲೇ ಸುಸ್ತು.

ಕಬ್ಬಿನ ಸಿಪ್ಪೆಯಿಂದ ಊಟದ ತಟ್ಟೆ ಮಾಡುವ ಪುಟ್ಟ ಕಾರ್ಖಾನೆ ಇದು. ಮಾಲೀಕರು ಶಾಮಣ್ಣ. ತಟ್ಟೆಗಳು ಶ್ರೀರಂಗಪಟ್ಟಣದ ಹೋಟೆಲುಗಳಿಗೆ, ಕೆ.ಆರ್. ಪೇಟೆ, ನಾಗಮಂಗಲದ ಛತ್ರಗಳಿಗೆ ಹೋಗುತ್ತವೆ. ಉಂಡಾದ ಮೇಲೆ ವಾಪಸ್ ಬಂದು ಗೊಬ್ಬರವಾಗಿ ಮತ್ತೆ ಕಬ್ಬಿನ ಗದ್ದೆ ಸೇರುತ್ತವೆ. ನಮ್ಮಂಥವರು ಇದಕ್ಕೆ ವರ್ತುಲ ಆರ್ಥಿಕತೆ ಎಂದು ಹೆಸರಿಟ್ಟು ಭಾಷಣ ಬಿಗಿಯುತ್ತೇವೆ. ಹೋದದ್ದರಲ್ಲಿ ಎಷ್ಟು ತಿರುಗಿ ಬಂತು ಎಂದು ತೂಗುವವರು ಮಾತ್ರ ಈ ಹೆಂಗಸು.

ತೂಗುವುದೇನು ಮಹಾ ಎಂದುಕೊಂಡೇ ನಾನು ಇವರ ಬಗ್ಗೆ ಬರೆಯಲು ಬಂದಿದ್ದೆ.

"ಬಾಳೆಎಲೆ ಮಡಚೋ ಕೈ ಸಾ, ಸುಮ್ಕಿರ್ತದಾ? ತಟ್ಟೇನೂ ಮಡಚ್ತದೆ," ಎನ್ನುತ್ತಾರೆ ಅವರು. "ಒಳಗೆ ಸಾರು, ಅನ್ನ ಎಲ್ಲಾ ಕೂತಿರ್ತದೆ. ಅಂಗೇ ತೂಗುದ್ರೆ ಬರೋದು ಅನ್ನದ ತೂಕ, ತಟ್ಟೇದಲ್ಲ."

ಮೊದಮೊದಲು ಹಾಗೇ ತೂಗುತ್ತಿದ್ದರಂತೆ. ಮದುವೆಗಳ ಒಂದು ತಿಂಗಳಲ್ಲಿ ಹೋದದ್ದಕ್ಕಿಂತ ಬಂದದ್ದೇ ಹೆಚ್ಚಾಯಿತು! ಹೆಚ್ಚು ತಟ್ಟೆ ಕೊಂಡು ಈ ಹೋಟೆಲು, ಛತ್ರಗಳಿಗೆ ಹಂಚುವ ಮೈಸೂರಿನ ಕಂಪನಿಯವರು ಫೋನು ಮಾಡಿ, "ಏನ್ರೀ, ನಿಮ್ ತಟ್ಟೆ ಮರಿ ಹಾಕ್ತಾವಾ?" ಎಂದು ಕೇಳಿದ್ದನ್ನು ಶಾಮಣ್ಣ ಇಂದಿಗೂ ಮರೆತಿಲ್ಲ. ಅಂದಿನಿಂದ ಬಿಡಿಸಿ, ಕೆರೆದು, ಒಣಗಿಸಿಯೇ ತೂಕ.

ಒಣಗಿದರೆ ತೂಕ ಇಳಿಯುತ್ತದೆ, ಕಷ್ಟ ಇರುವುದೇ ಅಲ್ಲಿ. ಕೊಂಡದ್ದರಲ್ಲಿ ಅರ್ಧವಾದರೂ ವಾಪಸ್ ಬರಬೇಕು, ಇಲ್ಲದಿದ್ದರೆ ವ್ಯಾಪಾರ ಬೇಡ ಎಂದಿದೆ ಆ ಕಂಪನಿ. ಈ ತಿಂಗಳ ಲೆಕ್ಕ ಇವತ್ತಿಗೆ ಮುಗಿಯುತ್ತದೆ. "ಅವ್ರು ಬ್ಯಾಡ ಅಂದ್ರೆ ಮೊದ್ಲು ಓಗೋದು ನನ್ ಕೆಲ್ಸಾನೇ," ಎನ್ನುವಾಗಲೂ ಅವರ ಕೈ ನಿಲ್ಲುವುದಿಲ್ಲ. ಗಂಡ ಯಾಸಿನ್ ಲಾರಿ ಓಡಿಸುತ್ತಿದ್ದವರು, ಮಂಡಿ ನೋವಿಂದ ಮನೆ ಹಿಡಿದಿದ್ದಾರೆ. ಇವರ ಭುಜವೂ ಈಗ ಮೇಲೇಳುವುದಿಲ್ಲ. "ವಾಸ್ನೆ ಅಭ್ಯಾಸ ಆಗೋಗದೆ ಸಾ. ನೋವು ಅಭ್ಯಾಸ ಆಗ್ನಿಲ್ಲ."

ಮಧ್ಯಾಹ್ನ ತೂಕ ನಡೆಯುತ್ತದೆ. ತಿಂಗಳದ್ದೆಲ್ಲ ಕೂಡಿದರೂ ಅರ್ಧಕ್ಕೆ ಇನ್ನೇನು ಸ್ವಲ್ಪ, ಒಂದು ಕಟ್ಟು ತಟ್ಟೆಯಷ್ಟು ಕಡಿಮೆ. ಶಾಮಣ್ಣ ತಲೆ ಕೆರೆದುಕೊಳ್ಳುತ್ತಾರೆ.

"ಬೂಬಮ್ಮ, ಸ್ವಲ್ಪ ಅಸಿ ಇರಂಗೇ ತೂಗಿದ್ರೆ ಆಯ್ತಿತ್ತಲ್ವಾ?"

"ಆಯ್ತಿತ್ತು ಶಾಮಣ್ಣೋರೆ. ಆಮೇಲೆ ಮತ್ತೆ ಮರಿ ಹಾಕ್ತಿದ್ವು."

ಯಾರಿಗೂ ನಗು ಬರುವುದಿಲ್ಲ. ಶಾಮಣ್ಣ ಫೋನು ಕೈಯಲ್ಲಿ ಹಿಡಿದು, ಮೈಸೂರಿಗೆ ಏನು ಹೇಳುವುದೆಂದು ಯೋಚಿಸುತ್ತ ನಿಲ್ಲುತ್ತಾರೆ. ಮೆಹಬೂಬ್ ಬೀ ತಮ್ಮ ಬುತ್ತಿ ಬಿಚ್ಚಿ, ಶೆಡ್ಡಿನ ರಾಶಿಯಿಂದ ಹೊಸ ತಟ್ಟೆಯೊಂದನ್ನು ತೆಗೆದು ನನಗೂ ಮುದ್ದೆ, ಸೊಪ್ಪಿನ ಸಾರು ಬಡಿಸುತ್ತಾರೆ. ತಿನ್ನುವಾಗಲೂ ನನ್ನ ಕಣ್ಣು ಆ ತೂಕದ ಯಂತ್ರದ ಮೇಲೇ. ಇಷ್ಟು ದುಡಿದು ಇಷ್ಟಕ್ಕೆ ತಪ್ಪಿತಲ್ಲ ಎಂದು ನಿಜಕ್ಕೂ ಸಂಕಟವಾಗುತ್ತದೆ.

ಉಂಡು ಎದ್ದವನು ತಟ್ಟೆಯನ್ನು ಅಚ್ಚುಕಟ್ಟಾಗಿ ಮಡಚಿಬಿಡುತ್ತೇನೆ.

ಮೆಹಬೂಬ್ ಬೀ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಬಿಡಿಸಿ, ಅಂಟಿದ ಸೊಪ್ಪು ಕೆರೆಯುತ್ತಾರೆ. ನಾಚಿಕೆ ಮುಚ್ಚಿಕೊಳ್ಳಲು ನಾನೇ ಹೇಳುತ್ತೇನೆ: "ಇದನ್ನೂ ಒಣಗಿಸಿ ಸೇರಿಸಿಕೊಳ್ಳಿ. ಒಂದಾದರೂ ಹೆಚ್ಚಾಗುತ್ತೆ. ಬೇಕಾದರೆ ಆ ರಾಶಿಯಿಂದ ಇನ್ನೊಂದು ಕಟ್ಟು..."

ಶಾಮಣ್ಣ ತಲೆ ಎತ್ತಿ ಆ ಹೊಸ ತಟ್ಟೆಗಳ ರಾಶಿಯನ್ನು ನೋಡುತ್ತಾರೆ. ಆಮೇಲೆ ಮೆಹಬೂಬ್ ಬೀ ಅವರನ್ನು.

ಮೆಹಬೂಬ್ ಬೀ ನನ್ನ ತಟ್ಟೆಯನ್ನು ನೇರ ಗೊಬ್ಬರದ ಗುಂಡಿಗೆ ಎಸೆದು, ಸೊಂಟ ಹಿಡಿದುಕೊಂಡು ಕೂರುತ್ತಾರೆ.

"ಅದು ಆಚೆಗೇ ಓಗಿರ್ನಿಲ್ವಲ್ಲ ಸಾ. ವಾಪಸ್ ಬಂತು ಅಂತ ಎಂಗ್ ತೂಗಾದು?"

ಶಾಮಣ್ಣ ಫೋನನ್ನು ಕಿವಿಗಿಡುತ್ತಾರೆ. "ಸಾರ್, ಈ ಸಲ ಸ್ವಲ್ಪ ಕಮ್ಮಿ ಬಂದದೆ."