ಎಡಗಡೆಯ ಸೀಟು

ನಮ್ಮ ಲಾರಿಗೆ ಒಬ್ಬ ಡ್ರೈವರನ್ನು ಇಡೋಣ ಎಂದು ನಾನು ಹೇಳಿದ ದಿನ ನನ್ನ ಗಂಡ ಅರ್ಧ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದುಹೋದರು. ಅತ್ತೆ ನನ್ನ ಮುಖ ನೋಡಿದರು. ನಾನು ಉಳಿದ ಸಾರನ್ನು ಮುಚ್ಚಿಟ್ಟೆ. ಸಂಜೆ ಅವರಿಗೆ ಹಸಿವಾದಾಗ ಅದೇ ಸಾರಿನ ಜೊತೆ ಅದೇ ಮಾತನ್ನೂ ಬಿಸಿಮಾಡಿ ಬಡಿಸಿದೆ. ನನ್ನದು ಹಟದ ಸ್ವಭಾವ. ತವರಿನಲ್ಲೂ ಇದಕ್ಕೇ ಬೈಸಿಕೊಂಡವಳು, ಮದುವೆಯಾಗಿ ಮಧುಗಿರಿಗೆ ಬಂದ ಮೇಲೂ ಬದಲಾಗಲಿಲ್ಲ.

ಅದು ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಲಾರಿಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ನಮ್ಮ ಲಾರಿಯ ಮಗ್ಗುಲಿಗೂ ಬಚ್ಚಲ ಹಂಡೆಯಂಥ ಒಂದು ಒಲೆ ಕಟ್ಟಿತ್ತು. ಬೆಳಗ್ಗೆ ಅದಕ್ಕೆ ಇದ್ದಿಲು ತುಂಬಿ, ಉರಿ ಹಚ್ಚಿ, ಗಾಳಿಯ ಚಕ್ರ ತಿರುಗಿಸಬೇಕು. ಗ್ಯಾಸು ಬಂತು ಅನ್ನಿಸಿದ ಮೇಲೆ ಮುಂದೆ ಹೋಗಿ ಕಬ್ಬಿಣದ ಹ್ಯಾಂಡಲ್ ಹಾಕಿ ಜಗ್ಗಿ ಇಂಜಿನ್ ಎಬ್ಬಿಸಬೇಕು. ನಾನು ಅಡುಗೆಮನೆಯ ಒಲೆ ಮುಂದೆ ಕೆಮ್ಮುವುದೂ ಅವರು ಲಾರಿಯ ಒಲೆ ಮುಂದೆ ಕೆಮ್ಮುವುದೂ ಒಟ್ಟಿಗೇ ಶುರುವಾಗುತ್ತಿತ್ತು.

ಲಾರಿಗೆ ಮುಂಚೆ ಮನೆಯವರದು ಎತ್ತಿನ ಬಂಡಿಯ ಬಾಡಿಗೆ. ಮಾವನವರು ಹೋದ ಮೇಲೆ ನನ್ನ ಗಂಡ ಎತ್ತು ಬಂಡಿ ಮಾರಿ, ಮೇಲೆ ಸಾಲ ಮಾಡಿ ಲಾರಿ ತಂದಿದ್ದರು. ಸಾಲ ತೀರಿದ ದಿನ ಲಾರಿಯ ಮೂತಿಗೆ ತಮ್ಮ ಕೈಯಿಂದಲೇ ವಿಭೂತಿ ಬಳಿದು, "ಇನ್ಮೇಲೆ ಇದು ನಮ್ದು ಕಣೇ" ಎಂದರು. ಆ ಮುಖದಲ್ಲಿ ಅಂಥ ಸಂತೋಷವನ್ನು ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ. ಡ್ರೈವರಿರಲಿ, ಕ್ಲೀನರನ್ನೂ ಇಟ್ಟುಕೊಂಡವರಲ್ಲ. ಬೇರೆಯವರ ಕೈ ತಾಗಿದರೆ ಸ್ಟೇರಿಂಗಿಗೆ ಮೈಲಿಗೆ ಎಂಬಂತೆ ಆಡುತ್ತಿದ್ದರು.

ನಮ್ಮ ಕಡೆಯ ರಸ್ತೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಸಂತೆಯಲ್ಲಿ ಕಡಲೆಕಾಯಿ ಹಾಕಿ ಊರಿಗೆ ಹಿಂತಿರುಗುವ ಬಂಡಿಯವರು ಖಾಲಿ ಬಂಡಿಯಲ್ಲಿ ಕಂಬಳಿ ಹೊದ್ದು ಮಲಗಿಬಿಡುತ್ತಿದ್ದರು. ದಾರಿ ಎತ್ತುಗಳಿಗೆ ಗೊತ್ತು. ಒಂದರ ಹಿಂದೆ ಒಂದು, ನಡುರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಿರುತ್ತಿದ್ದವು. ಮಲಗಿದವನದು ತಪ್ಪು ಎಂದು ಪಾವಗಡದಿಂದ ಕೊರಟಗೆರೆಯವರೆಗೆ ಯಾರೂ ಹೇಳುತ್ತಿರಲಿಲ್ಲ. ಅವನ ಎತ್ತನ್ನು ಬೆದರಿಸಿದವನದೇ ತಪ್ಪು. ರಬ್ಬರ್ ಬುರುಡೆಯ ಹಾರನ್ ಒತ್ತಿದರೆ ಎತ್ತುಗಳು ದಿಕ್ಕು ತಪ್ಪಿ ಹಳ್ಳಕ್ಕೆ ನುಗ್ಗುತ್ತಿದ್ದವು. ನನ್ನ ಗಂಡ ಹಾರನ್ ಮುಟ್ಟುತ್ತಿರಲಿಲ್ಲ. ಲಾರಿ ನಿಲ್ಲಿಸಿ ಇಳಿದು, ಮುಂದಿನ ಜೋಡಿಯ ಮೂಗುದಾರ ಹಿಡಿದು, "ಬಾರಪ್ಪಾ ಬಾ, ಹಿಂಗ್ ಬಾ" ಎಂದು ರಸ್ತೆಯ ಅಂಚಿಗೆ ನಡೆಸುತ್ತಿದ್ದರು. ಹಿಂದಿನ ಬಂಡಿಗಳು ತಾವಾಗಿಯೇ ಬರುತ್ತಿದ್ದವು. ಮಲಗಿದವರಿಗೆ ಎಚ್ಚರವೂ ಆಗುತ್ತಿರಲಿಲ್ಲ.

ತೊಂದರೆ ಇದ್ದದ್ದು ಇದ್ದಿಲಿನಿಂದ. ಪೆಡಲಿನ ಮೇಲಿಂದ ಕಾಲು ತೆಗೆದ ಕೂಡಲೇ ಇಂಜಿನ್ ಆರುತ್ತಿತ್ತು. ಮತ್ತೆ ಗಾಳಿಯ ಚಕ್ರ, ಮತ್ತೆ ಹ್ಯಾಂಡಲ್. ಆ ವರ್ಷ ಬೇಸಿಗೆಯಲ್ಲಿ ಮಿಡಿಗೇಶಿಯ ಹತ್ತಿರ ಯಾರದೋ ಬಂಡಿಯನ್ನು ಸರಿಸಿ ಬಂದು, ಸುಡುಬಿಸಿಲಲ್ಲಿ ಅವಸರವಾಗಿ ಹ್ಯಾಂಡಲ್ ಜಗ್ಗಿದರಂತೆ. ಅದು ಹಿಂದಕ್ಕೆ ಒದೆಯಿತು. ಬಲಗೈ ಮಣಿಕಟ್ಟು ಮುರಿಯಿತು. ನಾಟಿ ವೈದ್ಯರು ಕಟ್ಟಿದ ಮೇಲೆ ಮೂಳೆ ಕೂಡಿತು, ಬೆರಳು ಮಾತ್ರ ಮಡಚಲಿಲ್ಲ. ಎಡಗೈ ಗೇರಿಗೆ ಹೋದಾಗ ಸ್ಟೇರಿಂಗ್ ಹಿಡಿಯಬೇಕಾದ ಕೈ ಅದು. ಆದರೂ ಒಂದು ದಿನ ನನ್ನ ಕಣ್ಣು ತಪ್ಪಿಸಿ ಚನ್ನರಾಯನದುರ್ಗದ ದಾರಿಯಲ್ಲಿ ಲಾರಿ ತೆಗೆದುಕೊಂಡು ಹೋದರು. ತಿರುವಿನಲ್ಲಿ ತಗ್ಗಿಗೆ ಇಳಿಸಿ, ಕೊನೆಗೆ ಯಾರದೋ ಎತ್ತುಗಳಿಂದ ಎಳೆಸಿಕೊಂಡು ಮನೆಗೆ ಬಂದರು. ಮುದ್ದೆ ಬಿಟ್ಟು ಎದ್ದದ್ದು ಅದರ ಮಾರನೆಯ ದಿನ.

ಮಾರಿಬಿಡಿ ಎಂದು ಅತ್ತೆ ಹೇಳಿದರು. ಪೇಟೆಯ ಒಬ್ಬ ಸಾಹುಕಾರ ಆಗಲೇ ಬಂದು ಟೈರು ಒದ್ದು ನೋಡಿ ಹೋಗಿದ್ದ. ಅವನು ಒದ್ದದ್ದು ನನ್ನ ಹೊಟ್ಟೆಗೇ ಒದ್ದಹಾಗಾಗಿತ್ತು. ಇಷ್ಟು ವರ್ಷ ಹೊಗೆ ಕುಡಿದು ಉಳಿಸಿಕೊಂಡ ಲಾರಿಯನ್ನು, ನಮ್ಮದಾದ ಮೇಲೆ, ಅವನಿಗೆ ಕೊಡುವುದೆ?

"ಆಯುಧಪೂಜೆ ದಿನ ನಿಂಬೆಹಣ್ಣಿನ ಮೇಲೆ ಲಾರಿ ಹರಿಸ್ಬೇಕು. ಅವತ್ತು ಯಾರಾದ್ರೂ ಓಡಿಸ್ಲೇಬೇಕಲ್ಲ" ಎಂದೆ. "ಅಷ್ಟರಲ್ಲಿ ಡ್ರೈವರ್ ಸಿಗದಿದ್ರೆ ಮಾರ್ಬುಡಿ, ನಾನು ಕೇಳಕಿಲ್ಲ. ಸಿಕ್ಕಿದ್ರೆ ನೀವು ಒಪ್ಕೋಬೇಕು."

ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅಷ್ಟು ಸಾಕಾಗಿತ್ತು ನನಗೆ. ಕಂಡಕಂಡವರಿಗೆಲ್ಲ ಹೇಳಿಕಳಿಸಿದೆ.

ಮೊದಲು ಬಂದವನು ತುಮಕೂರಿನಲ್ಲಿ ಬಸ್ಸು ಓಡಿಸಿದ್ದವನು. ಗಾಡಿ ನೋಡಲೆಂದು ಇವರನ್ನು ಹಿಂದೆ ಹತ್ತಿಸಿಕೊಂಡು ಹೋದವನು ಊರು ದಾಟುವ ಮೊದಲೇ ಹಾರನ್ ಒತ್ತಿ ಒಂದು ಬಂಡಿಯನ್ನು ರಾಗಿ ಹೊಲಕ್ಕೆ ಇಳಿಸಿದ. ಬಂಡಿಯವನು ಎದ್ದು ನಮ್ಮ ವಂಶದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆದನಂತೆ. ಅವನನ್ನು ಬೇಡವೆಂದದ್ದು ಸರಿಯೇ.

ಎರಡನೆಯವರು ಸಿರಾದ ಸಾಬರು, ಸೌಮ್ಯವಾದ ಮನುಷ್ಯ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಒಳಕ್ಕೆ ಕೊಡದೆ ಉಳಿದ ಬೆರಳುಗಳ ಜೊತೆಗೇ ಇಟ್ಟುಕೊಂಡರು. "ಹಿಂಗ್ ಹಿಡಿದ್ರೆ ಒದ್ರೂ ಕೈ ತಪ್ಪಿಸ್ಕೊಂತದೆ ಯಜಮಾನ್ರೇ, ಬೇಫಿಕರ್ ಇರಿ" ಎಂದರು. ಅವರು ಹೋದ ಮೇಲೆ ನನ್ನ ಗಂಡ, "ಆ ಮನುಷ್ಯನಿಗೆ ಧೈರ್ಯ ಸಾಲ್ದು, ಹ್ಯಾಂಡಲ್ಲೇ ಗಟ್ಟಿಯಾಗಿ ಹಿಡಿಯಾಕಿಲ್ಲ" ಎಂದರು. ಗಟ್ಟಿಯಾಗಿ ಹಿಡಿದವರ ಕೈ ನನ್ನ ಕಣ್ಣೆದುರಿಗೇ ಸೊಟ್ಟಗೆ ಕೂತಿತ್ತು. ಮತ್ತೆ ಕರೆಸೋಣವೆಂದರೆ ಅವರು ಅಷ್ಟರಲ್ಲಿ ಬೇರೆ ಕಡೆ ಸೇರಿಕೊಂಡಿದ್ದರು. ಇನ್ನು ಯಾರೇ ಬರಲಿ, ಲಾರಿಯಲ್ಲಿ ನಾನೂ ಕೂತು ನೋಡುತ್ತೇನೆ ಎಂದು ಆಗಲೇ ತೀರ್ಮಾನಿಸಿದೆ.

ಮೂರನೆಯವನು ವೈ.ಎನ್.ಹೊಸಕೋಟೆ ಕಡೆಯವನು, ಮಾತಿಗೆ ಮೊದಲು ತೆಲುಗು ಬರುವಂಥವನು. ಅವನು ಲಾರಿ ಹೊರಡಿಸಿದಾಗ ನಾನು ಸೆರಗು ಬಿಗಿದು ಹತ್ತಿದೆ. "ಗೌರವಸ್ತರ ಮನೆ ಹೆಂಗಸು ಲಾರಿ ಮೇಲೆ ಕೂತ್ಕಂಡು ಹೋಯ್ತದಾ! ಇಳಿಯಮ್ಮಾ ಕೆಳಕ್ಕೆ" ಎಂದು ಅತ್ತೆ ಬಾಗಿಲಲ್ಲೇ ಕೂಗಿದರು. ಇಳಿಯಲಿಲ್ಲ. ನನ್ನ ಗಂಡ ಎಡಗಡೆಯ ಸೀಟು ನನಗೆ ಬಿಟ್ಟು ಹಿಂದೆ ಮೂಟೆ ಹಾಕುವ ಜಾಗದಲ್ಲಿ ನಿಂತರು. ಆ ಸೀಟಿನಲ್ಲಿ ಅವರು ಒಂದು ದಿನವೂ ಕೂತಿರಲಿಲ್ಲ, ಕೂರುವುದೂ ಇಲ್ಲ ಎನ್ನುವ ಹಾಗಿತ್ತು ನಿಂತ ರೀತಿ.

ಮಿಡಿಗೇಶಿಗೆ ಮೊದಲೇ ಬಂಡಿಗಳ ಸಾಲು ಸಿಕ್ಕಿತು. ಒಬ್ಬನೂ ಎದ್ದಿರಲಿಲ್ಲ. ನಾನು ಹಾರನ್ನಿನ ಮೇಲೆ ಕಣ್ಣಿಟ್ಟು ಕೂತೆ. ಅವನು ಲಾರಿ ನಿಲ್ಲಿಸಿದ. ಇಂಜಿನ್ ಆರಿತು. "ಪಾಪಂ, ನಿದ್ದೇಲವ್ರೆ ಅಮ್ಮಾ, ಎಬ್ಬಿಸೋದ್ಯಾಕೆ" ಎಂದು ಇಳಿದು ನಡೆದ. ಮುಂದಿನ ಜೋಡಿಯ ಮೂಗುದಾರ ಹಿಡಿದು, "ರಾ ನಾಯನಾ, ರಾ" ಎಂದು ತೆಲುಗಿನಲ್ಲಿ ಕರೆದ. ಎತ್ತುಗಳು ಅಂಚಿಗೆ ಸರಿದವು. ಆಮೇಲೆ ಬಂದು, ಬೆವರು ಸುರಿಸುತ್ತ ಗಾಳಿಯ ಚಕ್ರ ತಿರುಗಿಸತೊಡಗಿದ. ನಾನು ಹಿಂದಕ್ಕೆ ತಿರುಗಿ ನನ್ನ ಗಂಡನ ಮುಖ ನೋಡಿದೆ. ಅವರು ಬೇರೆ ಕಡೆ ನೋಡುತ್ತಿದ್ದರು.

ಮನೆಗೆ ಬಂದ ಮೇಲೆ ಅವನಿಗೆ ಜಗಲಿಯಲ್ಲಿ ಊಟ ಬಡಿಸಿ ಒಳಗೆ ಬಂದೆ. "ಆಗಕಿಲ್ಲ. ಹೊತ್ತು ಕಳೀತಾನೆ. ಇಂಜಿನ್ ಆರಿಸ್ತಾನೆ" ಎಂದರು. ನನಗೆ ರೇಗಿತು.

"ನೀವೇನು ಮಾಡ್ತಿದ್ರಿ? ಅದನ್ನೇ ತಾನೇ ಮಾಡಿದ್ದು ಅವ್ನು?"

"ಅದಕ್ಕೇ ಕಣೇ!" ಎಂದು ಕೂಗಿದರು. ಆಮೇಲೆ ದನಿ ಇಳಿಯಿತು. "ಎಲ್ಲಾ ನನ್ನಂಗೇ ಮಾಡೋನು ಬಂದ್ಬುಟ್ರೆ ನಾನ್ಯಾಕೆ ಬೇಕು? ಮನೇಲಿ ಕೂತ್ಕಂಡು ನಿನ್ನ ಒಲೆ ಊದ್ಲಾ?"

ನನ್ನ ಸಿಟ್ಟು ಹಾಗೇ ಇಳಿದುಹೋಯಿತು. ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಧೈರ್ಯ, ಹ್ಯಾಂಡಲ್, ಹೊತ್ತು ಎಂದು ಏನೇನೋ ಹೇಳುತ್ತಿದ್ದರು. ಅಯ್ಯೋ ಅನ್ನಿಸಿತು. ಆದರೆ ಅಯ್ಯೋ ಎಂದು ಸುಮ್ಮನಾದರೆ ಲಾರಿ ಸಾಹುಕಾರನ ಪಾಲಾಗುತ್ತದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದನ್ನು ಹೇಳಿಯೇಬಿಟ್ಟೆ.

"ಕೇಳಿ ಇಲ್ಲಿ. ಓಡಿಸೋನೇ ಇಳಿದ್ರೆ ಇಂಜಿನ್ ಆರ್ತದೆ. ಆರಿದ್ದಕ್ಕೇ ನಿಮ್ಮ ಕೈ ಮುರಿದದ್ದು. ಅವನ ಕಾಲು ಅಲ್ಲೇ ಇರ್ಲಿ. ನೀವು ಎಡಗಡೆ ಕೂತ್ಕಳಿ. ಬಂಡಿ ಸಿಕ್ದಾಗ ಇಳೀರಿ. ಮೂಗುದಾರ ಹಿಡಿಯಕ್ಕೆ ಎಡಗೈ ಸಾಲ್ದಾ?"

ಅವರು ತಮ್ಮ ಎಡಗೈಯನ್ನು ಮೊದಲ ಸಲ ನೋಡುವವರ ಹಾಗೆ ನೋಡಿಕೊಂಡರು. ನಾನು ಮತ್ತೇನೂ ಹೇಳದೆ ಹೊರಗೆ ಬಂದು, ಜಗಲಿಯಲ್ಲಿದ್ದವನಿಗೆ ಇನ್ನೊಂದು ಮುದ್ದೆ ಹಾಕಿದೆ. "ಆಯುಧಪೂಜೆಗೆ ಬಂದ್ಬುಡಪ್ಪಾ" ಎಂದೆ. ಒಳಗಿನಿಂದ ಬೇಡ ಎಂಬ ಮಾತು ಬರಲಿಲ್ಲ.

ಹಬ್ಬದ ದಿನ ಲಾರಿ ತೊಳೆದು ಮಾವಿನ ಸೊಪ್ಪು, ಸೇವಂತಿಗೆ ಕಟ್ಟಿದೆವು. ಕುಂಬಳಕಾಯಿ ಒಡೆದದ್ದಾಯಿತು. ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟದ್ದೂ ಆಯಿತು. ಹೊಸಕೋಟೆಯವನು ಸ್ಟೇರಿಂಗಿಗೆ ಕೈಮುಗಿದು ಕೂತ. ಇಂಜಿನ್ ಗುಡುಗುತ್ತಿತ್ತು, ಆದರೆ ಅವನು ಮುಂದಕ್ಕೆ ಬಿಡಲಿಲ್ಲ. ಯಜಮಾನರ ಅಪ್ಪಣೆಗೆ ಕಾಯುತ್ತಿದ್ದ. ನನ್ನ ಗಂಡ ಗೋಡೆಗೆ ಒರಗಿ ನಿಂತೇ ಇದ್ದರು. ಬೀದಿಯವರೆಲ್ಲ ನೋಡುತ್ತಿದ್ದರು, ಆ ಸಾಹುಕಾರನೂ. ಈಗ ಬೇಡ ಎಂದುಬಿಟ್ಟರೆ ಎಲ್ಲ ಮುಗಿಯಿತು.

ಅವರು ಗೋಡೆ ಬಿಟ್ಟು ಬಂದರು. ಲಾರಿಯ ಎದುರಿಗೆ ನಿಂತು, ವಿಭೂತಿ ಬಳಿದ ಅದರ ಮೂತಿಯ ಮೇಲೆ ಎಡಗೈ ಇಟ್ಟರು. ಹಾಗೇ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ ಕರೆದರು.

"ಬಾರಪ್ಪಾ ಬಾ, ಹಿಂಗ್ ಬಾ."

ಲಾರಿ ಅವರ ಕೈಯ ಹಿಂದೆಯೇ ಬಂತು. ನಿಂಬೆಹಣ್ಣುಗಳು ಪಚಪಚನೆ ಒಡೆದವು. ಅವರು ಪಕ್ಕಕ್ಕೆ ಸರಿದು, ಯಾರೂ ಹೇಳದೆ, ಎಡಗಡೆಯ ಬಾಗಿಲು ತೆರೆದು ಹತ್ತಿ ಕೂತರು.