ಪ್ರಮಿಳಾಗೆ ಬಾರದ ಜ್ವರ

ರಾಮಲಿಂಗ ಹುಟ್ಟಿದ್ದು ಖಾನಾಪುರ ತಾಲೂಕಿನ ಗುಂಜಿಯಲ್ಲಿ. ಅಪ್ಪ ಭರಮಣ್ಣ ಎಮ್ಮೆ ಮೇಯಿಸಿಕೊಂಡು ಕಾಡಂಚಿನಲ್ಲೇ ಬಾಳಿದವನು. ಮಗ ಬೆಳಗಾವಿಗೆ ಬಂದು, ಒಬ್ಬ ಫೋಟೊಗ್ರಾಫರನ ಕೈಕೆಳಗೆ ಮದುವೆ ಮನೆಗಳಲ್ಲಿ ಲೈಟು ಹಿಡಿದು ಕೆಲಸ ಕಲಿತು, ಮುಂದೆ ಶಹಾಪುರದಲ್ಲಿ ತನ್ನದೇ ಸ್ಟುಡಿಯೊ ಇಟ್ಟ. ಹೆಂಡತಿ ಪ್ರಮಿಳಾ ಕೌಂಟರಿನಲ್ಲಿ ಕೂರುತ್ತಿದ್ದಳು. ಪಾಸ್‌ಪೋರ್ಟ್ ಫೋಟೊಗೆ ಬಂದವರ ಕಾಲರು ಸರಿಮಾಡುವುದು, ಅಳುವ ಕೂಸನ್ನು ನಗಿಸುವುದು, ಮುದುಕರ ಬಿಗಿದ ಮುಖ ಸಡಿಲಾಗುವವರೆಗೆ ಮಾತಾಡಿಸುವುದು ಅವಳ ಪಾಲಿನ ಕೆಲಸ. ಫೋಟೊ ತೆಗೆಯುವುದು ಅವನದು.

ಮೊಬೈಲು, ಡ್ರೋನು ಬಂದ ಮೇಲೆ ಮದುವೆ ಆರ್ಡರುಗಳು ಹುಡುಗರ ಪಾಲಾದವು. ರಾಮಲಿಂಗ ಆಗ ಭಾನುವಾರದ ಕ್ಲಾಸು ಶುರುಮಾಡಿದ. ಕಲಿಯುವವರನ್ನು ವ್ಯಾನಿನಲ್ಲಿ ಜಾಂಬೋಟಿ ಕಡೆಯ ಗುಡ್ಡಕ್ಕೆ ಕರೆದೊಯ್ದು, ಮಂಜು, ಮೋಡ, ಕಣಿವೆ, ಬತ್ತದ ಗದ್ದೆಗಳ ಫೋಟೊ ತೆಗೆಯುವುದನ್ನು ಅಲ್ಲೇ ನಿಂತು ಕಲಿಸುವ ಕ್ಲಾಸು. ಎಳವೆಯಲ್ಲಿ ಎಮ್ಮೆಗಳ ಹಿಂದೆ ಅಲೆದವನಿಗೆ ಗುಡ್ಡದ ಮೇಲೆ ಬೆಳಕು ಯಾವಾಗ ಎಲ್ಲಿ ಬೀಳುತ್ತದೆಂಬುದು ಗೊತ್ತಿತ್ತು. ಎಂಟು ಹತ್ತು ಜನ ಸುತ್ತ ನಿಂತು ತನ್ನ ಮಾತು ಕೇಳುವುದು ಅವನಿಗೆ ಬಹಳ ಹಿಡಿಸಿತು. ಮದುವೆ ಮನೆಯಲ್ಲಿ ಯಾರೂ ಅವನ ಮಾತು ಕೇಳಿದವರಲ್ಲ.

ನೆಹರು ನಗರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಮಾಲಾ ಎಂಬ ಹುಡುಗಿ ಸೇರಲು ಬಂದಾಗ, ಜೊತೆಗೆ ಬಂದಿದ್ದ ಅವಳ ತಾಯಿ ಸಂಗವ್ವ ಅನುಮಾನಿಸಿದಳು.

"ನಸಿಕಿನ್ಯಾಗ ಗುಡ್ಡಕ್ಕ ಹೆಣ್ಣ ಹುಡುಗಿನ್ನ ಹೆಂಗ ಕಳಸೂದ್ರಿ? ನಿಮ್ಮ ಮನಿಯವರು ಸಂಗಾಟ ಬರ್ತಾರಂದ್ರ ಕಳಸ್ತೀನಿ."

ಹೀಗೆ ಪ್ರಮಿಳಾ ಗುಡ್ಡಕ್ಕೆ ಬಂದಳು. ಚಹಾದ ಫ್ಲಾಸ್ಕು, ಬುತ್ತಿ ಹಿಡಿದುಕೊಂಡು ಒಂದು ಬಂಡೆಯ ಮೇಲೆ ಕೂತಿರುವುದಷ್ಟೇ ಅವಳಿಂದ ಬಯಸಿದ್ದು.

ಜುಲೈ ತಿಂಗಳ ಒಂದು ಬೆಳಿಗ್ಗೆ ಮಳೆ ಬಿಡುವು ಕೊಟ್ಟಿತ್ತು. ಕೆಳಗೆ ನಾಟಿ ನಡೆದ ಗದ್ದೆಗಳು. ರಾಮಲಿಂಗ ಟ್ರೈಪಾಡಿನ ಪಕ್ಕ ನಿಂತು ಅಪರ್ಚರು, ಶಟರು, ಆಕಾಶಕ್ಕೆ ಎಷ್ಟು ಜಾಗ ಬಿಡಬೇಕು ಎಂದೆಲ್ಲ ವಿವರಿಸಿದ. ಮಾಲಾ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದರೂ ಅವಳ ಫೋಟೊಗಳು ಒಂದೂ ಜೀವ ಹಿಡಿಯಲಿಲ್ಲ. ಬೇಸತ್ತು ಅವಳು ಪ್ರಮಿಳಾ ಇದ್ದ ಬಂಡೆಗೆ ಬಂದು ಕೂತಳು.

"ಕ್ಯಾಮೆರಾ ಚೀಲದಾಗ ಇಡವಾ," ಎಂದು ಪ್ರಮಿಳಾ ಚಹಾ ಬಗ್ಗಿಸಿ ಕೊಟ್ಟಳು. "ಇಷ್ಟ ದೊಡ್ಡ ಗುಡ್ಡದಾಗ ನಿನಗ ಮನಸಿಗಿ ಬಂದದ್ದು ಯಾವುದು? ಮೊದಲ ಬಾಯಿಲೆ ಹೇಳ."

ಮಾಲಾ ಸುಮಾರು ಹೊತ್ತು ನೋಡಿದಳು. "ಅಲ್ಲಿ ಒಂದ ಗದ್ದಿ ಇನ್ನೂ ನಾಟಿ ಆಗಿಲ್ರಿ ಅಕ್ಕಾರ. ಬರೇ ನೀರ ಐತಿ. ಮ್ಯಾಲಿನ ಮೋಡ ಅದರಾಗ ಇಳದೈತಿ."

"ಹಂಗಾರ ಅದನ್ನ ತಗಿ. ಉಳದದ್ದು ಬಿಡು."

ಆ ಫೋಟೊ ಅಂದು ಸಂಜೆ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಬಂತು. ಸುತ್ತ ಹಸಿರು, ನಡುವೆ ಒಂದು ತುಂಡು ಆಕಾಶ. ಎಲ್ಲರೂ ಹೊಗಳಿದರು. ಮಾಲಾ ಉತ್ತರವಾಗಿ ಬರೆದಳು: "ಇದು ಪ್ರಮಿಳಕ್ಕಾರು ಕಲಿಸಿದ್ದು."

ರಾಮಲಿಂಗ ಅದನ್ನು ಓದಿ ಮೊಬೈಲು ಬೋರಲು ಹಾಕಿದ. ಕ್ಯಾಮೆರಾ ಹಿಡಿಯಲು ಕಲಿಸಿದವನು ತಾನು, ಗುಡ್ಡಕ್ಕೆ ಕರೆದೊಯ್ದವನು ತಾನು. ಪಕ್ಕದಲ್ಲಿ ಪ್ರಮಿಳಾ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳವನ್ನೂ ಅಂದು ಅವನಿಗೆ ಸಹಿಸಲಾಗಲಿಲ್ಲ.

ಮುಂದಿನ ವಾರಗಳಲ್ಲಿ ಅವನ ಕಣ್ಣು ಮಂಜಿನ ಮೇಲೆ ನಿಲ್ಲಲಿಲ್ಲ. ಯಾರು ತನ್ನ ಹತ್ತಿರ ನಿಂತಿದ್ದಾರೆ, ಯಾರು ಬಂಡೆಯ ಕಡೆ ಸರಿದರು ಎಂಬುದನ್ನೇ ನೋಡುತ್ತಿತ್ತು. ಅವನು ವಿವರಿಸುವಾಗ ವಿದ್ಯಾರ್ಥಿಗಳು ಗಡಿಯಾರ ನೋಡುತ್ತಿದ್ದರು, ಬಂಡೆಯ ಹತ್ತಿರ ಹೋದವರು ನಗುತ್ತಿದ್ದರು. ಒಮ್ಮೆ ಎಲ್ಲರೆದುರೇ ಅಂದುಬಿಟ್ಟ: "ಬಾಯಿಲೆ ಹೇಳಿದ್ರ ಫೋಟೊ ಬರೂದಿಲ್ಲ. ಅದಕ್ಕ ಲೆನ್ಸ್ ಬೇಕು." ಯಾರೂ ನಗಲಿಲ್ಲ. ಪ್ರಮಿಳಾ ಬುತ್ತಿ ಬಿಚ್ಚಿ ಹಂಚತೊಡಗಿದಳು.

ಆಗಸ್ಟ್ ತಿಂಗಳ ಒಂದು ಶನಿವಾರ ಅವನು ಹೆಂಡತಿಗೆ ಹೇಳಿದ, "ನಾಳೆ ಕ್ಲಾಸ್ ಇಲ್ಲ. ಮಳಿ ಜೋರ ಐತಿ. ನನಗ ಖಾನಾಪುರದಾಗ ಒಂದು ಆರ್ಡರ್ ಐತಿ, ಲಗೂನ ಹೋಗ್ತೀನಿ."

ಮರುದಿನ ವ್ಯಾನು ಎಂದಿನಂತೆ ಜಾಂಬೋಟಿಗೇ ಹೋಯಿತು. ಅಕ್ಕಾರು ಎಲ್ಲಿ ಎಂದು ಎಲ್ಲರೂ ಕೇಳಿದರು. "ಜ್ವರ ಬಂದಾವು," ಎಂದ ರಾಮಲಿಂಗ. ಅಂದು ಅವನು ಚೆನ್ನಾಗಿಯೇ ಪಾಠ ಮಾಡಿದ. ಎಲ್ಲರೂ ತನ್ನ ಸುತ್ತಲೇ ಇದ್ದರು. ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು ಅಂದುಕೊಳ್ಳುವಷ್ಟರಲ್ಲಿ, ನೆಟ್‌ವರ್ಕ್ ಸಿಗುವ ದಿಬ್ಬದ ಮೇಲೆ ಮಾಲಾ ಫೋನು ಹಿಡಿದು ನಿಂತಿರುವುದು ಕಂಡಿತು.

"ಅಕ್ಕಾರ, ಜ್ವರ ಹೆಂಗ ಅದಾವ್ರಿ?"

ರಾಮಲಿಂಗ ಟ್ರೈಪಾಡು ಬಿಟ್ಟು ಅತ್ತ ಎರಡು ಹೆಜ್ಜೆ ಹಾಕಿದ. ಈಗ ಎಲ್ಲರಿಗೂ ತಿಳಿಯುತ್ತದೆ. ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಟ್ಟು ಸುಳ್ಳು ಹೇಳಿದ ಮಾಸ್ತರ ಎಂದು ಇವರು ವ್ಯಾನಿನಲ್ಲಿ ಕೂತೇ ಮುಸಿಮುಸಿ ನಗುತ್ತಾರೆ. ಮಾಲಾ ಫೋನಿಟ್ಟು ಕೆಳಗಿಳಿದು ಬಂದಳು.

"ಮಾತಾಡಿದೆ ಸರ್. ಈಗ ಜರಾ ಕಡಿಮಿ ಅದಾವಂತ. ಗಂಜಿ ಕುಡದು ಮಲಗ್ಯಾರಂತ."

ಅವನಿಗೆ ಬದುಕಿಕೊಂಡೆ ಅನ್ನಿಸಬೇಕಿತ್ತು. ಅದರ ಬದಲು ಹೊಟ್ಟೆಯೊಳಗಿನ ಉರಿ ಹೆಚ್ಚಿತು. ಸುಳ್ಳನ್ನೂ ತನಗಿಂತ ಪ್ರಮಿಳಾಳೇ ಚೆನ್ನಾಗಿ ಹೇಳಿದ್ದಳು.

ಮನೆಗೆ ಬಂದಾಗ ಪ್ರಮಿಳಾ ಊಟಕ್ಕೆ ಬಡಿಸಿದಳು. ಅವನು ಉಂಡು ಕೈ ತೊಳೆದುಕೊಂಡ.

"ನಾಕ ಮಂದ್ಯಾಗ ನಿಮ್ಮ ಮಾತು ಬೀಳಬಾರದಂತ ಜ್ವರ ಖರೇ ಅಂದೆ," ಎಂದಳು ಆಮೇಲೆ. "ಯಾಕ ಬಿಟ್ಟ ಹೋದ್ರಿ?"

"ಅವರು ನನ್ನ ಮಾತ ಕೇಳವಲ್ಲರು. ಎಲ್ಲಾರೂ ನಿನ್ನ ಹಂತ್ಯಾಕ ಬರ್ತಾರ." ಹೇಳುವಾಗ ಅವನ ದನಿ ತನಗೇ ಸಣ್ಣದಾಗಿ ಕೇಳಿಸಿತು. "ನೋಡಾಕ ಆಗವಲ್ದು ನನಗ."

"ನಿಮಗ ಮೊನ್ನಿ ಮೊನ್ನಿ ಬಂದೈತಿ ಈ ಹೊಟ್ಟಿಕಿಚ್ಚು. ನನಗ ಎಷ್ಟೋ ವರ್ಷದಿಂದ ಐತಿ."

ರಾಮಲಿಂಗ ತಲೆ ಎತ್ತಿ ನೋಡಿದ.

"ನೀವು ಆ ಹುಡುಗ್ರ ಬೆರಳ ಹಿಡದು ಬಟನ್ ಮ್ಯಾಲ ಇಟ್ಟು ಕಲಸ್ತೀರಿ. ತಪ್ಪಿದ್ರ ಇನ್ನೊಮ್ಮಿ ಹೇಳ್ತೀರಿ, ಸಿಟ್ಟಾಗೂದಿಲ್ಲ. ನಾ ಬಂಡಿಗಲ್ಲಿನ ಮ್ಯಾಲ ಕುಂತು ಅದನ್ನ ನೋಡ್ತಿದ್ದೆ. ಸ್ಟುಡಿಯೊದಾಗ ಇಷ್ಟ ವರ್ಷ ಕುಂತ ಫೋಟೊ ಕತ್ತರಿಸಿದೆ. ಕ್ಯಾಮೆರಾ ಮುಟ್ಟಿದ್ರ ಏನಂತಿದ್ರಿ? 'ಜ್ವಾಕಿ, ಕೆಡವೀಯೆ' ಅಂತಿದ್ರಿ. ಒಂದ ದಿನಾನೂ 'ಬಾ, ತೋರಸ್ತೀನಿ' ಅಂದಿಲ್ಲ."

ಅವಳು ತಾಟು ಎತ್ತಿಕೊಂಡು ಒಳಗೆ ಹೋದಳು. ಕಲಿಯಬೇಕೆಂಬ ಆಸೆ ಅವಳಿಗಿರಬಹುದೆಂದು ಅವನು ಯೋಚಿಸಿರಲೇ ಇಲ್ಲ.

ಸ್ಟುಡಿಯೊದ ರಜೆಯ ದಿನ ಅವನೇ ಕೇಳಿದ, "ಗುಂಜಿಗೆ ಹೋಗೂಣೇನು? ಅಪ್ಪ ಎಮ್ಮಿ ಮೇಸತಿದ್ದ ಗುಡ್ಡ ಐತಿ. ಕ್ಯಾಮೆರಾ ತಗೊಂಡ ಹೋಗೂಣು."

ಅಲ್ಲಿ ಅವಳು ಕೇಳಿದ ಪ್ರಶ್ನೆಗಳಿಗೆ ಅವನು ಬೆವರಿದ. ಬೆಳಕು ಬಿಡುವ ಅಪರ್ಚರಿನ ತೂತು ದೊಡ್ಡದಾದರೆ ಅದರ ಅಂಕಿ ಯಾಕೆ ಸಣ್ಣದಾಗುತ್ತದೆ ಎಂದಳು. ಅದು ಹಾಗೇ ಅಂದರೆ ಒಪ್ಪಲಿಲ್ಲ. ಕೊನೆಗೆ ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆದು ತೋರಿಸಬೇಕಾಯಿತು. ಅವಳು ತೆಗೆದ ಫೋಟೊಗಳೆಲ್ಲ ಅಲುಗಿದ್ದವು. ಒಂದರಲ್ಲಿ ಗುಡ್ಡವೇ ವಾಲಿತ್ತು. ಅದನ್ನು ನೋಡಿ ರಾಮಲಿಂಗನಿಗೆ ಒಳಗೊಳಗೇ ಸಮಾಧಾನವಾಯಿತು. ಅದು ಮುಖದ ಮೇಲೂ ಕಂಡಿರಬೇಕು.

"ನಗ್ರಿ, ನಗ್ರಿ," ಎಂದಳು ಪ್ರಮಿಳಾ. "ಆಮ್ಯಾಲ ಇನ್ನೊಮ್ಮಿ ತೋರಸ್ರಿ."

ಅವನು ಅವಳ ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿಯುವಂತೆ ಮಾಡಿ, ಉಸಿರು ಬಿಟ್ಟು ಆಮೇಲೆ ಒತ್ತು ಎಂದ. ಮೋಡ ಸರಿದು ಎದುರಿನ ಇಳಿಜಾರಿಗೆ ಬಿಸಿಲು ಬಿದ್ದಿತ್ತು. ಈ ಸಲದ ಫೋಟೊ ಅಲುಗಿರಲಿಲ್ಲ.

ಆ ಚಳಿಗಾಲದ ಹೊತ್ತಿಗೆ ಕ್ಲಾಸು ಬೇರೆಯದೇ ರೂಪ ಪಡೆಯಿತು. ಮೊದಲು ಪ್ರಮಿಳಾ ಎಲ್ಲರನ್ನೂ ಕ್ಯಾಮೆರಾ ಇಲ್ಲದೆ ಕೂರಿಸಿ ನೋಡಲು ಹಚ್ಚುತ್ತಾಳೆ. ಆಮೇಲೆ ರಾಮಲಿಂಗ ಕ್ಯಾಮೆರಾ ಬಿಚ್ಚಿಸುತ್ತಾನೆ. ಸಂಗವ್ವ ತನ್ನ ಅಕ್ಕಪಕ್ಕದ ಮನೆಯ ಹೆಣ್ಣುಮಕ್ಕಳನ್ನೂ ಕಳಿಸಿದ್ದಾಳೆ.

ಕಳೆದ ತಿಂಗಳು ಬೆಳಗಾವಿಯ ಒಂದು ಸಭಾಗೃಹದಲ್ಲಿ ಕ್ಲಾಸಿನವರ ಫೋಟೊ ಪ್ರದರ್ಶನ ಇಟ್ಟಿದ್ದರು. ರಾಮಲಿಂಗನ ಕಣಿವೆಯ ಫೋಟೊವನ್ನು ಜನ ನೋಡಿ ಚೆನ್ನಾಗಿದೆ ಅಂದರು. ಪ್ರಮಿಳಾ ಗುಂಜಿಯಲ್ಲಿ ತೆಗೆದ ಇಳಿಜಾರಿನ ಬಿಸಿಲಿನ ಫೋಟೊದ ಎದುರು ಮಾತ್ರ ನಿಂತೇ ಬಿಟ್ಟರು. ಒಬ್ಬ ಹಿರಿಯರು ಇದು ಯಾರದು ಎಂದು ರಾಮಲಿಂಗನನ್ನೇ ಕೇಳಿದರು. ಅವನು ಹೆಂಡತಿಯನ್ನು ಕರೆದು ಪರಿಚಯಿಸಿದ, ಪಕ್ಕದಲ್ಲಿ ನಿಂತು ಅವಳ ಮಾತು ಕೇಳಿದ, ನಕ್ಕದ್ದೂ ಆಯಿತು.

ಮನೆಗೆ ಬಂದು ಚಪ್ಪಲಿ ಬಿಡುವಾಗ ಹೇಳಿದ, "ಇವತ್ತ ಮತ್ತ ಸ್ವಲ್ಪ ಹೊಟ್ಟಿ ಉರೀತು ನೋಡ."

"ಗೊತ್ತಾತು, ಮಾರಿ ನೋಡಿದೆ," ಎಂದಳು ಪ್ರಮಿಳಾ. "ಮಜ್ಜಿಗಿ ಐತಿ, ಕುಡೀರಿ."